ನನ್ನ ಮಗಳಿಗೆ ಮಾತ್ರ ಹಾಕಿಸಿದ ಸೂಜಿ

ಸುಗುಣಾ, ಶಾಲೆಯಲ್ಲಿ ನಿನಗೆ ರುಬೆಲ್ಲಾ ಸೂಜಿ ಹಾಕದಂತೆ ತಡೆದವಳು ನಾನು. ಅಷ್ಟೇ ಆಗಿದ್ದರೆ ತಿಳಿಯದೆ ಮಾಡಿದೆ ಎನ್ನಬಹುದಿತ್ತು. ಆದರೆ ನನ್ನ ಮಗಳಿಗೆ ಅದೇ ಸೂಜಿ ಹಾಕಿಸಿಕೊಂಡು ಬಂದೆ — ನಿಮಗೆ ಯಾರಿಗೂ ಹೇಳಲಿಲ್ಲ.

ನಾನು ಹುಟ್ಟು ಅನುಮಾನದವಳು. ಹಾಲಿನವನನ್ನು ನಂಬುವುದಿಲ್ಲ, ಅಂಗಡಿಯವನ ತಕ್ಕಡಿಯನ್ನು ನಂಬುವುದಿಲ್ಲ. ಕೊಳ್ಳೇಗಾಲದಿಂದ ಮದುವೆಯಾಗಿ ಪೊಳ್ಳಾಚಿ ಕಡೆಗೆ ಬಂದ ಮೇಲಂತೂ, ತಮಿಳಿನಲ್ಲಿ ನಯವಾಗಿ ಮಾತಾಡುವ ಯಾರನ್ನೂ ನಂಬಲಿಲ್ಲ. ಪುಕ್ಕಟೆ ಹಾಕುತ್ತೇವೆಂದು ನರ್ಸು ಶಾಲೆಗೆ ಬಂದಾಗ ನನಗೆ ಮೊದಲು ಹೊಳೆದದ್ದು — ಇವರಿಗೇನು ಲಾಭ? ಆಗಲೇ ಫೋನಿನಲ್ಲಿ ಒಂದು ತಮಿಳು ಮಾತು ಸುತ್ತುತ್ತಿತ್ತು: ಈ ಸೂಜಿ ಹಾಕಿಸಿಕೊಂಡ ಹುಡುಗಿಯರಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ. ನಿಮ್ಮವ್ವ ಅದನ್ನು ಕೇಳಿಯೂ ಕಿವಿಗೆ ಹಾಕಿಕೊಂಡಿರಲಿಲ್ಲ. ತೆಂಗಿನ ನಾರು ಬಿಡಿಸಿ ಒಣಗಿಸುವ ನಮ್ಮ ಕಳದಲ್ಲಿ ದುಡಿಯುವ ಹೆಂಗಸರಿಗೆ ತಮಿಳು ಬೀದಿಯ ಮಾತು, ಕನ್ನಡ ಮನೆಯ ಮಾತು. ಮನೆಯ ಮಾತಿನಲ್ಲಿ ಯಾರೂ ಮೋಸ ಮಾಡುವುದಿಲ್ಲವೆಂದು ಅವರ ನಂಬಿಕೆ. ನಾನು ಆ ಫೋನಿನ ಮಾತನ್ನೇ ಕನ್ನಡದಲ್ಲಿ ಹೇಳಿದೆ.

"ಮಾದಮ್ಮ, ಆ ಊಸಿ ಬ್ಯಾಡ ಕಣೆ. ನಾಳೆ ಹುಡುಗೀನ ಪಳ್ಳಿಕೂಡಕ್ಕೆ ಕಳಿಸ್ಬ್ಯಾಡ."

"ನೀವೇ ಹೇಳಿದ ಮ್ಯಾಲೆ ಇನ್ನೇನಕ್ಕಾ," ಎಂದಳು ನಿಮ್ಮವ್ವ. ಕಳದ ಹೆಂಗಸರೆಲ್ಲ ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕೂರಿಸಿಕೊಂಡರು.

ಆ ವಾರವೇ ಮಗಳನ್ನು ಕರೆದುಕೊಂಡು ಪೊಳ್ಳಾಚಿಯ ನಮ್ಮ ಡಾಕ್ಟರ ಬಳಿ ಹೋದೆ. ನನ್ನ ಅನುಮಾನ ಕೇಳಿ ಅವರು ನಕ್ಕರು. ಬಸುರಿಗೆ ರುಬೆಲ್ಲಾ ಬಂದರೆ ಹೊಟ್ಟೆಯ ಕೂಸಿಗೆ ಕೇಡು, ಅದಕ್ಕೇ ಹುಡುಗಿಯರಿಗೆ ಈ ಸೂಜಿ ಎಂದು ಬಿಡಿಸಿ ಹೇಳಿದರು. ಅಲ್ಲೇ ಹಾಕಿಸಿದೆ. ನರ್ಸು ತಪ್ಪಿಹೋದವರಿಗೆಂದು ಮತ್ತೆ ಬರುವವಳಿದ್ದಳು, ಹೇಳಲು ಸಮಯವಿತ್ತು. ಆದರೆ ಆಡಿದ ಮಾತನ್ನು ನಾನೇ ನುಂಗಿಕೊಂಡರೆ, ನಾಳೆ ನನ್ನ ಮಾತಿಗೆ ಕಳದಲ್ಲಿ ಬೆಲೆಯೇನು... ಬಸ್ಸಿನಲ್ಲಿ ಮಗಳ ತೋಳಿನ ಹತ್ತಿಯನ್ನು ಕಿತ್ತು ಕಿಟಕಿಯಿಂದ ಎಸೆದೆ. "ಯಾರಿಗೂ ಹೇಳ್ಬ್ಯಾಡ" ಎಂದೆ.

ವರ್ಷಗಳ ಮೇಲೆ ನೀನು ಬಸುರಿಯಾಗಿದ್ದಾಗ ಮೈಮೇಲೆ ಕೆಂಪು ದದ್ದು ಎದ್ದಿತಲ್ಲ — ಬರೀ ಉಷ್ಣ ಎಂದು ಎಳನೀರು ಕುಡಿಸಿದವಳೂ ನಾನೇ. ಹೋದ ತಿಂಗಳು ನಿನ್ನ ಜೊತೆ ಕೊಯಮತ್ತೂರಿಗೆ ಬಂದಾಗ ಅಲ್ಲಿನ ಡಾಕ್ಟರು, ಕೂಸಿಗೆ ಕಿವಿ ಕೇಳುವುದಿಲ್ಲ, ನಿನಗೆ ಬಂದಿದ್ದ ರುಬೆಲ್ಲಾವೇ ಕಾರಣ ಎಂದರು. ಶಾಲೆಯಲ್ಲಿ ಸೂಜಿ ಹಾಕಿರಲಿಲ್ಲವೇ ಎಂದು ಕೇಳಿದರು. ನೀನು ನನ್ನ ಮುಖ ನೋಡಿದೆ. ನಾನು "ಗೊತ್ತಿಲ್ಲ" ಎಂದೆ.

ಹೊರಗೆ ಬಂದ ಮೇಲೆ ನೀನು ಕೇಳಿದ್ದು ಇನ್ನೂ ನನ್ನನ್ನು ಸುಡುತ್ತಿದೆ. "ದೊಡ್ಡಮ್ಮ, ಪಾಪುಗೂ ಊಸಿ ಹಾಕ್ಸು ಅಂತಾರೆ. ಹಾಕ್ಸ್ಲಾ? ನೀವು ಸರಿ ಅಂದ್ರೆ ಸರಿ."

"ಹಾಕ್ಸು" ಎಂದೆ. ಯಾಕೆಂದು ಹೇಳಲಿಲ್ಲ.

ಊರನ್ನೆಲ್ಲ ಅನುಮಾನಿಸಿದವಳು ನನ್ನನ್ನೊಬ್ಬಳನ್ನು ಬಿಟ್ಟಿದ್ದೆ. ಈಗ ಈ ಬರಹದ ಮೇಲೂ ನನಗೆ ಅನುಮಾನ — ತಮಿಳು ಶಾಲೆಯಲ್ಲಿ ಕಲಿತ ನಿನಗೆ ಕನ್ನಡ ಅಕ್ಷರ ಬಾರದೆಂದು ಗೊತ್ತಿದ್ದೇ ಕನ್ನಡದಲ್ಲಿ ಬರೆಯುತ್ತಿದ್ದೇನಲ್ಲವೇ? ಬೆಳಿಗ್ಗೆ ನಿನ್ನ ಮನೆಗೆ ಬರುತ್ತೇನೆ. ನಿಮ್ಮವ್ವನೂ ಇರಲಿ. ಇಬ್ಬರಿಗೂ ಇದನ್ನು ಓದಿ ಹೇಳಿ, ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ. ನಾನು ಓದಿದ್ದನ್ನು ಹಾಗೇ ನಂಬಬೇಡ, ಸುಗುಣಾ. ಕನ್ನಡ ಬಲ್ಲ ಬೇರೆ ಯಾರಿಂದಲಾದರೂ ಇನ್ನೊಮ್ಮೆ ಓದಿಸಿ ನೋಡು.