ಎಣ್ಣೆ ಮುಟ್ಟದ ಕೈ

ಚಳಿಗಾಲ ಬಂತೆಂದರೆ ಸಾಕು, ಚರ್ಮಕ್ಕೆ ಏನೇನು ಹಚ್ಚಿಕೊಳ್ಳಬೇಕು ಎಂದು ಫೋನಿನಲ್ಲಿ ಪಾಠ ಹೇಳುವ ಹುಡುಗಿಯರು ಎಲ್ಲಿಂದಲೋ ಹುಟ್ಟಿಕೊಳ್ಳುತ್ತಾರೆ. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮಲಗುವ ಮುಂಚೆ ಎಣ್ಣೆ ಹಚ್ಚಿ, ಸ್ನಾನವಾದ ಕೂಡಲೇ ಕ್ರೀಮು ಹಚ್ಚಿ, ಕೈಗೊಂದು, ಕಾಲಿಗೊಂದು, ಈಗೀಗ ಮನೆಯಲ್ಲಿ ಸಾಕಿದ ನಾಯಿಗೂ ಒಂದು. ಹಚ್ಚಿಕೊಳ್ಳಲಿ, ನನ್ನ ಗಂಟೇನು ಹೋಗುತ್ತದೆ? ಆದರೆ ಎಣ್ಣೆ ಮುಟ್ಟಬಾರದ ಕೈಗಳೂ ಈ ಲೋಕದಲ್ಲಿವೆ ಎಂಬುದು ಆ ಹುಡುಗಿಯರಿಗೆ ಗೊತ್ತಿಲ್ಲ. ನನಗೆ ಗೊತ್ತಾದದ್ದೂ ಮದುವೆಯಾಗಿ ಮೊಳಕಾಲ್ಮುರಿಗೆ ಬಂದ ಮೇಲೆಯೇ.

ನಾನು ಚಳ್ಳಕೆರೆಯವಳು. ನಮ್ಮದು ನೇಕಾರರ ಕುಲವೇ ಆದರೂ ಅಪ್ಪ ಮಗ್ಗ ಬಿಟ್ಟು ಎಣ್ಣೆ ಮಿಲ್ಲಿಗೆ ಸೇರಿದ್ದ. ನಮ್ಮ ಬೀದಿಯ ಗಾಳಿಗೇ ಶೇಂಗಾ ಎಣ್ಣೆಯ ವಾಸನೆ. ಚಳಿ ಶುರುವಾದರೆ ಅವ್ವ ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿ, ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ, ನೆತ್ತಿಯಿಂದ ಹಿಮ್ಮಡಿಯವರೆಗೆ ತಿಕ್ಕುತ್ತಿದ್ದಳು. ಬಟ್ಟಲಲ್ಲಿ ಮಿಕ್ಕಿದ್ದು ಬಾಗಿಲ ನಾಯಿಯ ಒಣಗಿದ ಮೂತಿಗೆ. ಪಕ್ಕದ ಮನೆಯವರು ಮದುವೆ ಮೆರವಣಿಗೆಗೆ ಬಾಡಿಗೆ ಕೊಡಲು ಒಂದು ಬಿಳಿ ಕುದುರೆ ಸಾಕಿದ್ದರು. ಚಳಿಯ ಜೊತೆಗೆ ಜಿಟಿಜಿಟಿ ಮಳೆಯೂ ಹಿಡಿದ ವರ್ಷ ಅದರ ಗೊರಸಿನ ಸಂದು ಕೊಳೆತು ನಾರುತ್ತಿತ್ತು. ಆಗ ಅಪ್ಪನೇ ಹೋಗಿ, ಗೊರಸನ್ನು ಕೆರೆದು, ಒಣ ಬಟ್ಟೆಯಲ್ಲಿ ಒರೆಸಿ, ಬೇವಿನ ಎಣ್ಣೆಗೆ ಅರಿಶಿನ ಕಲಸಿ ತುಂಬಿ ಬರುತ್ತಿದ್ದ. "ಒದ್ದೆ ಮ್ಯಾಲೆ ಎಣ್ಣೆ ಹಚ್ಚಬಾರ್ದು, ಒಳಗೇ ಕೊಳೀತೈತೆ. ಮೊದ್ಲು ಒಣಗಿಸ್ಬೇಕು" ಎಂದು ಅವರಿಗೆ ಬೈಯುತ್ತಲೂ ಇದ್ದ. ಯಾವ ಎಣ್ಣೆ ಯಾವುದು ಎಂದು ಕಣ್ಣು ಮುಚ್ಚಿಕೊಂಡು ಮೂಗಿನಲ್ಲೇ ಹೇಳುವುದು ನಮ್ಮ ಮನೆಯಲ್ಲಿ ಮಕ್ಕಳಾಟವಾಗಿತ್ತು. ಎಣ್ಣೆ ಎಂದರೆ ಔಷಧಿ, ಅಕ್ಕರೆ, ಎಲ್ಲವೂ ಎಂದು ನಂಬಿಕೊಂಡು ಬೆಳೆದವಳು ನಾನು.

ಗಂಡನ ಮನೆಗೆ ಬಂದ ಮೊದಲ ಚಳಿಗಾಲ ಅಂಗೈಗೆ ಎಣ್ಣೆ ಸುರಿದುಕೊಂಡಿದ್ದೆ ಅಷ್ಟೆ, ಅತ್ತೆ ಬಾಟಲಿ ಕಿತ್ತುಕೊಂಡು ಹಿತ್ತಲಿಗೆ ಎಸೆದರು. "ವದ್ದು ಅಂದ್ರೆ ವದ್ದು!" ಎಂದು ಕೂಗಿದರು. ಬೇಡ ಎನ್ನುವುದನ್ನು ಅವರು ಯಾವಾಗಲೂ ತೆಲುಗಿನಲ್ಲೇ ಹೇಳುತ್ತಿದ್ದರು. ಬೈಯುವುದೂ ತೆಲುಗಿನಲ್ಲೇ. ಓಣಿಗೆಲ್ಲ ಕೇಳಿಸಬೇಕಾದ ಬೈಗುಳವನ್ನು ಮಾತ್ರ ಕನ್ನಡದಲ್ಲಿ ಬೈಯುತ್ತಿದ್ದರು. ಅವತ್ತು ಕನ್ನಡಕ್ಕೆ ಬಂದರು. "ಮಿಲ್ಲಿನೋರ ಮಗಳ್ನ ತಂದು ರೇಷ್ಮೆ ಮನಿಗೆ ಬೆಂಕಿ ಇಟ್ಕಂಡಂಗಾತು!"

ಆ ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ನನ್ನ ಗಂಡ, ಇನ್ನೊಂದರಲ್ಲಿ ಅತ್ತೆ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮಗ್ಗಗಳು ಅವು. ಚಳಿಗಾಲದ ಒಣಗಾಳಿಗೆ ಮಗ್ಗಕ್ಕೆ ಉದ್ದುದ್ದ ಬಿಗಿದ ಹಾಸಿನ ಎಳೆ ಪಟಪಟ ಹರಿಯುತ್ತದೆಂದು ಕುಣಿಗೆ ದಿನವೂ ನೀರು ಚಿಮುಕಿಸಿ ತಂಪು ಹಿಡಿಸುತ್ತಾರೆ. ಹೀಗಾಗಿ ನೇಯುವವರ ಕಾಲು ದಿನವಿಡೀ ಜೌಗಿನಲ್ಲಿ, ಕೈ ಒಣಗಾಳಿಯಲ್ಲಿ. ಬೆರಳ ಸಂದು ಬೆಳ್ಳಗೆ ಕೊಳೆಯುತ್ತಿರುತ್ತದೆ, ಅಂಗೈ ಬಿರುಕು ಬಿಡುತ್ತಿರುತ್ತದೆ. ಕಾಲಿಗೆ ಏನು ಬೇಕಾದರೂ ಹಚ್ಚಿಕೊಳ್ಳಬಹುದು, ಅದೂ ಬೇರೆಯವರ ಕೈಯಿಂದ. ಕೈಗೆ ಮಾತ್ರ ಒಂದು ತೊಟ್ಟು ಎಣ್ಣೆ ತಾಗಬಾರದು. ತಾಗಿದರೆ ರೇಷ್ಮೆಗೆ ಕಲೆ. ಹಾಗೆಂದು ಕೈ ಒಡೆದರೂ ಆಗದು, ಒಡೆದ ಚರ್ಮಕ್ಕೆ ಎಳೆ ಸಿಕ್ಕಿಕೊಂಡು ಸಿಬಿರು ಏಳುತ್ತದೆ. ಅದಕ್ಕೇ ಅವರ ಉಪಾಯ ಎಂದರೆ ಅಕ್ಕಿ ತೊಳೆದ ನೀರಿನಲ್ಲಿ ಕೈ ನೆನೆಸುವುದು, ನುಣುಪು ಕಲ್ಲಿನಲ್ಲಿ ಬೆರಳ ತುದಿ ತಿಕ್ಕುವುದು, ಎಲ್ಲಕ್ಕಿಂತ ಮುಖ್ಯವಾಗಿ ಪಾತ್ರೆ, ಬಟ್ಟೆ, ಸೋಪು, ಬೂದಿ ಇವು ಯಾವುದನ್ನೂ ಮುಟ್ಟದಿರುವುದು.

ಮುಟ್ಟುವವರು ಯಾರು ಹಾಗಾದರೆ? ಸೊಸೆ.

ನನಗೆ ನೇಯಲು ಬರುತ್ತಿತ್ತು. ಅವ್ವನ ತವರಿನಲ್ಲಿ, ಅಜ್ಜನ ಮಗ್ಗದಲ್ಲಿ, ರಜೆಗೆ ಹೋದಾಗಲೆಲ್ಲ ಕಲಿತಿದ್ದೆ. ಮಗ್ಗದಲ್ಲಿ ಕೂರಬೇಕೆಂಬ ಆಸೆಯಿಂದಲೇ ಆ ಸಂಬಂಧಕ್ಕೆ ಒಪ್ಪಿದ್ದೆ ಎಂದರೂ ತಪ್ಪಲ್ಲ. ಆ ಮನೆಯಲ್ಲಿ ಮಗ್ಗದಲ್ಲಿ ಕೂತವರ ಮುಂದೆ ಬಿಸಿ ಮುದ್ದೆ ಬರುತ್ತಿತ್ತು, ಅವರ ಮಾತಿಗೆ ಬೆಲೆ ಇರುತ್ತಿತ್ತು. ಪಾತ್ರೆ ತಿಕ್ಕುವವಳಿಗೆ ತಳ ಹಿಡಿದ ಸಾರು. ಬೆಳಗ್ಗೆ ನಾನು ಮಗ್ಗದ ಕೋಣೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. "ಕೈ ಚಾಚು" ಎನ್ನುತ್ತಿದ್ದರು ಅತ್ತೆ. ಹಾಸಿನಲ್ಲಿ ಮಿಕ್ಕಿದ ಒಂದು ತುಂಡು ಎಳೆಯನ್ನು ನನ್ನ ಅಂಗೈ ಮೇಲೆ, ಬೆರಳುಗಳ ಮೇಲೆ ನಿಧಾನವಾಗಿ ಎಳೆಯುತ್ತಿದ್ದರು. ಎಲ್ಲೋ ಒಂದು ಕಡೆ ಅದು ಸಿಕ್ಕಿಕೊಳ್ಳುತ್ತಿತ್ತು. "ಹೋಗು, ಪಾತ್ರೆ ನೋಡ್ಹೋಗು."

ಪಾತ್ರೆ ತಿಕ್ಕಿದ್ದಕ್ಕೆ ಕೈ ಒಡೆಯಿತು, ಕೈ ಒಡೆದದ್ದಕ್ಕೆ ಪಾತ್ರೆಯೇ ಗತಿಯಾಯಿತು. ಎಂಥ ಚೆಂದದ ನ್ಯಾಯ! ಮೂರು ಚಳಿಗಾಲ ಹೀಗೇ ಕಳೆಯಿತು. ಬೇಸಿಗೆಯಲ್ಲಿ ಕೈ ಸ್ವಲ್ಪ ನಯವಾದರೆ ಬೇರೇನೋ ನೆವ ತೆಗೆಯುತ್ತಿದ್ದರು. ಗಂಡನಿಗೆ ಹೇಳಿದರೆ, "ಅಮ್ಮ ಹೇಳಿದ್ಮೇಲೆ ಮುಗೀತು, ಸುಮ್ನಿರು" ಎಂದು ಲಾಳಿ ಎಸೆಯುತ್ತ ಕೂರುತ್ತಿದ್ದರು. ಅವರ ಮೇಲೂ ನನಗೆ ಅಸಹ್ಯ ಹುಟ್ಟಿತ್ತು, ಮುಚ್ಚಿಡುವುದೇನು.

ಮೂರನೆಯ ಚಳಿಗಾಲದಲ್ಲಿ ಹಿತ್ತಲಿಗೆ ಒಂದು ಕೆಂದ ನಾಯಿ ಬಂದು ಸೇರಿತು. ಮೈತುಂಬ ಕಜ್ಜಿ, ಬೆನ್ನಿನ ಕೂದಲೆಲ್ಲ ಉದುರಿತ್ತು. ನನ್ನ ಕೈಗಂತೂ ಎಣ್ಣೆ ಇಲ್ಲ, ಇದರ ಬೆನ್ನಿಗಾದರೂ ಇರಲಿ ಎಂದು ಅಪ್ಪನಿಂದ ಹೊಂಗೆ ಎಣ್ಣೆ ತರಿಸಿ, ಗಂಧಕದ ಪುಡಿ ಕಲಸಿ, ಬಿಸಿಲಿನಲ್ಲಿ ಕೂರಿಸಿ ಕಡ್ಡಿಗೆ ಬಟ್ಟೆ ಸುತ್ತಿ ಹಚ್ಚಿದೆ. ಎರಡು ವಾರದಲ್ಲಿ ಹೊಸ ಕೂದಲು ಬರತೊಡಗಿತು. ಆ ಮನೆಗೆ ಬಂದ ಮೇಲೆ ನನ್ನ ಕೈಯಿಂದ ನೆಟ್ಟಗಾದ ಮೊದಲ ಕೆಲಸ ಅದು. ಆದರೆ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಆ ನಾಯಿ ಹೋಗಿ ಅತ್ತೆಯ ಮಗ್ಗದ ಕುಣಿಯಲ್ಲಿ ಮಲಗಿಬಿಟ್ಟಿತು. ಅತ್ತೆ ಕೂಗಾಡಿ ಓಡಿಸಿದರು. ಅದಾಗಿ ನಾಲ್ಕು ದಿನಕ್ಕೆ ಸೀರೆ ಮುಗಿದು, ಬಿಚ್ಚಿ ಮಡಿಸುವಾಗ ಕಲೆ ಕಂಡಿತು. ಮದುವೆಗೆಂದು ಹೇಳಿ ಮಾಡಿಸಿದ ಸೀರೆ, ತಿಳಿ ಬಣ್ಣದ್ದು. ಅತ್ತೆ ಎದೆ ಎದೆ ಬಡಿದುಕೊಂಡರು, ಕನ್ನಡದಲ್ಲಿಯೇ. "ಇವಳ ನಾಯಿ ನನ್ನ ಸೀರೆ ಹಾಳು ಮಾಡ್ತು! ಇನ್ಮೇಲೆ ಇವಳು ಮಗ್ಗದ ಕೋಣೆ ಹೊಸ್ತಿಲು ತುಳಿದ್ರೆ ನಾನು ಈ ಮನೇಲಿ ಇರಲ್ಲ!"

ಗಂಡ ನಾಯಿಯನ್ನು ಗೋಣಿಚೀಲಕ್ಕೆ ತುಂಬಿ, ಗಾಡಿಯ ಹಿಂದೆ ಕಟ್ಟಿಕೊಂಡು ಹೋಗಿ ಗೌರಸಮುದ್ರದ ದಾರಿಯಲ್ಲಿ ಎಲ್ಲೋ ಬಿಟ್ಟು ಬಂದರು. ಅದು ತಿರುಗಿ ಬರಲಿಲ್ಲ. ನನಗೂ ಮಗ್ಗಕ್ಕೂ ಇನ್ನು ಸಂಬಂಧವಿಲ್ಲ ಎಂದು ಅವತ್ತು ತೀರ್ಮಾನವಾಗಿ ಹೋಯಿತು.

ಆ ಸೀರೆಯ ಕಲೆ ತೆಗೆಯುವ ಕೆಲಸವನ್ನೂ ನನಗೇ ಹಚ್ಚಿದರು, ಶಿಕ್ಷೆ ಎಂಬಂತೆ. ಕಡಲೆ ಹಿಟ್ಟು ಉದುರಿಸಿ ಎಣ್ಣೆ ಹೀರಿಸಬೇಕು. ಪಡಸಾಲೆಯಲ್ಲಿ ಸೀರೆ ಹರವಿಕೊಂಡು ಕೂತೆ. ಮೊದಲನೆಯ ಕಲೆಯ ಹತ್ತಿರ ಬಗ್ಗಿದಾಗಲೇ ಮೂಗಿಗೆ ಗೊತ್ತಾಯಿತು. ಹೊಂಗೆ ಎಣ್ಣೆ ಕಹಿ ವಾಸನೆಯದು, ವಾರಗಟ್ಟಲೆ ಹೋಗುವುದಿಲ್ಲ. ಇದಕ್ಕೆ ಗುಲಾಬಿಯ ವಾಸನೆ. ಅಂಗಡಿಯಲ್ಲಿ ಸಣ್ಣ ಡಬ್ಬಿಯಲ್ಲಿ ಮಾರುವ ಮುಲಾಮಿನದು. ಆಮೇಲೆ ಕಲೆಗಳನ್ನು ನೋಡಿದೆ. ಹೆಬ್ಬೆರಳಿನಷ್ಟೇ ಅಗಲ, ಅಂಚಿನ ಮೇಲೆಯೇ, ಎರಡೂ ಕಡೆ, ಗೇಣಿಗೊಂದು. ಗೇಣುದ್ದ ನೇಯ್ದ ಮೇಲೆ ಎರಡೂ ಅಂಚು ಹಿಡಿದು ಬಟ್ಟೆಯನ್ನು ಬಿಗಿ ಮಾಡಿಕೊಳ್ಳುತ್ತಾರಲ್ಲ, ಸರಿಯಾಗಿ ಅಲ್ಲಿ.

ನನಗಾದ ಸಂತೋಷವನ್ನು ಹೇಳಲಾರೆ. ನಾಯಿಯ ನೆನಪೂ ಆಗ ಬರಲಿಲ್ಲ. ಗಂಡ ಪೇಟೆಗೆ ಹೋಗಿದ್ದರು. ಸೀರೆಯನ್ನು ಎತ್ತಿಕೊಂಡು, ತುಳಿಯಬೇಡ ಎಂದಿದ್ದ ಹೊಸ್ತಿಲನ್ನು ಬೇಕೆಂದೇ ತುಳಿದು ಒಳಗೆ ಹೋದೆ.

"ಅತ್ತಮ್ಮ, ಇದು ಹೊಂಗೆ ಎಣ್ಣೆ ವಾಸ್ನೆ ಅಲ್ಲ. ಮೂಸಿ ನೋಡ್ರಿ."

"ನಾಯಿ ಜೊತೆ ಸೇರಿ ನೀನೂ ಮೂಸೋದು ಕಲ್ತ್ಯಾ? ಹೊರಗೆ ನಡಿ."

"ಗೇಣಿಗೊಂದು ಕಲೆ ಐತೆ. ನಾಯಿ ಗೇಣು ಹಾಕಿ ಅಳ್ದು ಮೈ ಉಜ್ಜತೈತಾ? ಕೈ ತೋರಿಸ್ರಿ."

ಅವರು ತೋರಿಸಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡರು. ನಾನು ಬಿಡಲಿಲ್ಲ, ಹತ್ತಿರ ಹೋಗಿ ಸೆರಗು ಎಳೆದೆ. ವಯಸ್ಸಾದವರ ಮೈಮೇಲೆ ಕೈ ಮಾಡಿದ್ದು ಅದೇ ಮೊದಲು, ಅದೇ ಕೊನೆ. ಪಾತ್ರೆ ಮುಟ್ಟದ ಆ ಕೈಗಳು ನನ್ನ ಕೈಗಿಂತ ಕೆಟ್ಟದಾಗಿ ಒಡೆದಿದ್ದವು. ವಯಸ್ಸಿಗೆ ಒಡೆದಿದ್ದವೋ ಏನೋ, ಹೆಬ್ಬೆರಳ ಸೀಳಿನಲ್ಲಿ ಮುಲಾಮು ಬೆಳ್ಳಗೆ ಕೂತಿತ್ತು.

ಅತ್ತೆಯ ದನಿ ಇಳಿಯಿತು. "ಅವ್ನಿಗೆ ಹೇಳಬ್ಯಾಡ. ನಲವತ್ತು ವರ್ಷ ಇಲ್ಲೇ ಕೂತೀನಿ. ಈಗ ಎದ್ರೆ ಎಲ್ಲಿ ಕೂರ್ಲಿ ಹೇಳು?"

"ನಾನು ಮೂರು ವರ್ಷ ಎಲ್ಲಿ ಕೂತಿದ್ನೋ ಅಲ್ಲೇ ಕೂರ್ರಿ" ಎಂದೆ.

ಬೇರೆ ಏನಾದರೂ ಹೇಳಬಹುದಿತ್ತು ಎಂದು ಓದುವವರಿಗೆ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಮೂರು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು ಅದು.

ಮಾರನೆಯ ದಿನ ಅತ್ತೆ ಮಗನಿಗೆ ತಾವೇ ಹೇಳಿದರು. "ಕಣ್ಣು ಮಂಜಾಗ್ಯದೆ ಕಣೋ, ಎಳೆ ಕಾಣವಲ್ದು. ಕೈ ನಯ ಆದ್ಮೇಲೆ ಇವಳೇ ಕೂರ್ಲಿ." ನಾನು ಬಾಯಿ ಬಿಡಲಿಲ್ಲ. ಕರುಣೆಯಿಂದಲ್ಲ, ನನಗೆ ಬೇಕಾದದ್ದು ಸಿಕ್ಕಿತ್ತು. ಗಂಡ ಗಾಬರಿಯಾಗಿ ಅವರನ್ನು ಚಳ್ಳಕೆರೆಯಲ್ಲಿ ನಡೆಯುತ್ತಿದ್ದ ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದರು, ಜೊತೆಗೆ ನನ್ನನ್ನೂ. ಡಾಕ್ಟರು ದೀಪ ಬಿಟ್ಟು ನೋಡಿ, "ಅಜ್ಜಿ, ನಿಮ್ಮ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗೈತೆ" ಎಂದರು. ಅತ್ತೆ ಅವರ ಮೇಲೆ ಹರಿಹಾಯ್ದರು. "ನನ್ನ ಕಣ್ಣು ನಿಂಗೆ ಗೊತ್ತೋ ನಂಗೆ ಗೊತ್ತೋ? ಓದಿದ್ದೇನು ನೀನು?" ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಅವರ ಕೈ ಹಿಡಿದು ಮೆಟ್ಟಿಲು ಇಳಿಸಬೇಕೆಂದು ಗಂಡ ನನಗೆ ಹೇಳಿದರು. ಕಣ್ಣು ಚೆನ್ನಾಗಿರುವ ಹೆಂಗಸನ್ನು ಕುರುಡಿಯಂತೆ ಬಸ್‌ ನಿಲ್ದಾಣದವರೆಗೆ ನಡೆಸಿಕೊಂಡು ಬಂದೆ.

ಅಲ್ಲಿಂದ ಹದಿಮೂರು ವರ್ಷವಾಯಿತು. ಮಗ್ಗ ನನ್ನದು, ಪಾತ್ರೆ ಅವರದು. ಯಾರೂ ಹೇಳಲಿಲ್ಲ, ಅವರೇ ಹೋಗಿ ಕೂತರು, ನಾನು ಬೇಡ ಎನ್ನಲಿಲ್ಲ. ನನ್ನ ಕೈ ಈಗ ಎಷ್ಟು ನುಣುಪಾಗಿದೆ ಎಂದರೆ ನೆಂಟರು ಮುಟ್ಟಿ ನೋಡುತ್ತಾರೆ. ಏನು ಹಚ್ತೀಯ ಎಂದು ಕೇಳುತ್ತಾರೆ. ಏನೂ ಹಚ್ಚುವುದಿಲ್ಲ. ಅತ್ತೆ ಪಾತ್ರೆ ತಿಕ್ಕುತ್ತಾರೆ, ಅಷ್ಟೇ ಗುಟ್ಟು.

ಹೋದ ಚಳಿಗಾಲ ಅವರ ಕೈ ಬಿರಿದು ರಕ್ತ ಬರತೊಡಗಿತು. ಸ್ಟೀಲಿನ ತಟ್ಟೆಯಂಚಿನ ಮೇಲೆ ಕೆಂಪು ಗೆರೆ ಕಂಡು ನನಗೆ ಮೊದಲು ಬಂದದ್ದು ಸಿಟ್ಟೇ. ಓಣಿಯವರು ನೋಡಿದರೆ ಸೊಸೆಯನ್ನು ಬೈಯುತ್ತಾರೆಯೇ ಹೊರತು ಇನ್ನೇನು! ತವರಿಗೆ ಹೋದಾಗ ಒಳ್ಳೆಯ ಕೊಬ್ಬರಿ ಎಣ್ಣೆ ತಂದು, ಒಲೆಯ ಹತ್ತಿರ ಬೆಚ್ಚಗೆ ಮಾಡಿ ಅವರ ಮುಂದಿಟ್ಟೆ.

"ಹಚ್ಕೊಳ್ರಿ."

"ವದ್ದು."

"ಈ ಹಟ ಯಾಕ್ರಿ? ಹದಿಮೂರು ವರ್ಷದಿಂದ ಒಂದು ತೊಟ್ಟು ಮುಟ್ಟಿಲ್ಲ ನೀವು. ನೋಡಿದೋರು ನನಗೆ ಉಗೀಬೇಕಾ?"

ಅವರು ಬಟ್ಟಲನ್ನು ನೋಡಿದರು, ಮುಟ್ಟಲಿಲ್ಲ. ಒಡೆದ ಎರಡೂ ಅಂಗೈಗಳನ್ನು ಮಂಡಿಯ ಮೇಲೆ ಮಲಗಿಸಿಕೊಂಡು ಕೂತಿದ್ದರು.

"ಎಣ್ಣೆ ಹಚ್ಚಿದ ಕೈನ ಮಗ್ಗದ ಹತ್ರ ಬಿಡ್ತೀಯಾ?" ಎಂದರು.

"ಇಲ್ಲ" ಎಂದೆ.

"ಮತ್ತೆ?"

ಅಷ್ಟೇ ಅವರು ಕೇಳಿದ್ದು. ಎಂದಾದರೂ ಒಂದು ದಿನ ನಾನು ಬನ್ನಿ ಎನ್ನಬಹುದು ಎಂದು ಈ ಮುದುಕಿ ಹದಿಮೂರು ಚಳಿಗಾಲ ಎಣ್ಣೆ ಮುಟ್ಟದೆ ಕೈಯನ್ನು ಕಾಯ್ದಿಟ್ಟುಕೊಂಡು ಕೂತಿದ್ದಾರೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಬನ್ನಿ ಅತ್ತಮ್ಮ, ಒಂದು ಗೇಣು ನೇಯಿರಿ, ಸಿಬಿರು ಎದ್ದರೆ ಏಳಲಿ ಎನ್ನಬೇಕಿತ್ತು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು, ನನ್ನದು. ಬಟ್ಟಲನ್ನು ಅವರ ಮುಂದೆಯೇ ಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಹೋಗಿ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತೆ.