ಹನ್ನೊಂದನೆಯ ಕುರಿ

ತಮ್ಮ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ ಎಂದು ಮಮತಾ ಮೇಡಂ ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. "ಮೇಷ್ಟ್ರೇ, ನಿಮಗೆ ಮೌಸ್ ಹಿಡಿಯಾಕೇ ಬರಲ್ಲ, ನನ್ನ ಕೆಲ್ಸ ಏನಂತ ಬರೀತೀರಿ?" ನಿಜವೇ. ಚಿತ್ರದುರ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ವಾರಕ್ಕೆರಡು ಗಂಟೆ ಕನ್ನಡ ಹೇಳಿಕೊಡುವವನು ನಾನು. ಅಲ್ಲಿನ ಕಂಪ್ಯೂಟರ್ ಲ್ಯಾಬ್ ಅವರದು. ಆದರೂ ಬರೆಯುತ್ತೇನೆ. ಈ ಕಥೆಯಲ್ಲಿ ನನ್ನದೂ ಒಂದು ಪಾಲಿದೆ, ಅದನ್ನು ಬಿಟ್ಟುಕೊಡುವ ಜಾಯಮಾನ ನನ್ನದಲ್ಲ.

ಮಮತಾ ತುರುವನೂರು ಕಡೆಯವರು. ಅಪ್ಪ ಕರಿಸಿದ್ದಪ್ಪನಿಗೆ ನೂರಿಪ್ಪತ್ತು ಕುರಿ, ಒಬ್ಬಳೇ ಮಗಳು. ಡಿಪ್ಲೊಮಾ ಮುಗಿಸಿ ಲ್ಯಾಬಿಗೆ ಸೇರಿ ಹನ್ನೆರಡು ವರ್ಷವಾಯಿತು. ದಿನಾ ಬಸ್ಸಿನಲ್ಲಿ ಬರುತ್ತಾರೆ. ಸೀಟು ಸಿಕ್ಕರೆ ಲ್ಯಾಪ್‌ಟಾಪ್ ತೆರೆಯುತ್ತಾರೆ, ಸಿಗದಿದ್ದರೆ ಕಂಡಕ್ಟರನ ಮೇಲೆ ಜಗಳ ತೆಗೆಯುತ್ತಾರೆ. ಎರಡನ್ನೂ ಅಷ್ಟೇ ಶ್ರದ್ಧೆಯಿಂದ ಮಾಡುತ್ತಾರೆ.

ಅವರ ಕೆಲಸ ನನಗೆ ತಿಳಿದ ಮಟ್ಟಿಗೆ ಹೀಗೆ. ಲ್ಯಾಬಿನ ಒಂದು ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಹತ್ತಾರು ಕಂಪ್ಯೂಟರುಗಳಿವೆ ಎಂದು ಅದಕ್ಕೇ ನಂಬಿಸಿ ಇಟ್ಟಿದ್ದಾರೆ. ಅವು ವರ್ಚುವಲ್ ಮಷೀನುಗಳು. ಹೊರಗಿನಿಂದ ಬರುವ ಮಾಹಿತಿ ಪ್ಯಾಕೆಟ್ಟು ಪ್ಯಾಕೆಟ್ಟಾಗಿ ಬರುತ್ತದೆ; ಅದನ್ನು ಬಾಗಿಲಲ್ಲಿ ಇಳಿಸಿಕೊಳ್ಳುವುದು ನೆಟ್‌ವರ್ಕ್ ಡ್ರೈವರ್. ಆ ಡ್ರೈವರಿನಲ್ಲೇ ಮಮತಾ ಒಂದು ಪುಟ್ಟ ಪ್ರೋಗ್ರಾಂ ಕೂರಿಸಿದ್ದರು. ಬೇಕಾದ ಪ್ಯಾಕೆಟ್ಟನ್ನು ಅದು ಒಳಗೆ ಬಿಡುತ್ತದೆ, ಕಸವನ್ನು ಅಲ್ಲೇ ಎಸೆಯುತ್ತದೆ. ಪರೀಕ್ಷೆಯ ಹೊತ್ತಿನಲ್ಲೂ ಕಳ್ಳತನದಲ್ಲಿ ಕ್ರಿಕೆಟ್ ನೋಡುವ ಮಹಾನುಭಾವರು ನಮ್ಮಲ್ಲಿರುವುದರಿಂದ ಕಸಕ್ಕೆ ಬರವಿರಲಿಲ್ಲ. "ನನ್ನ ಬಾಗ್ಲು ತಪ್ಪು ಮಾಡಲ್ಲ" ಎಂದು ಮಮತಾ ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿದ್ದನ್ನು ನಾನೇ ಕೇಳಿದ್ದೇನೆ.

ಹೀಗಿರುವಾಗ ಕಳೆದ ವರ್ಷದ ಲ್ಯಾಬ್ ಪರೀಕ್ಷೆಯಲ್ಲಿ ಅಂಜಲಿ ಎಂಬ ಹುಡುಗಿಯ ಉತ್ತರವೇ ಬರಲಿಲ್ಲ. ಹೊಳಲ್ಕೆರೆ ಕಡೆಯ ಮಾತು ಕಡಿಮೆಯ ಹುಡುಗಿ. "ಕಳಿಸಿದೀನಿ ಮೇಡಂ" ಎಂದು ಮೂರು ಸಲ ಹೇಳಿದಳು. ಕಂಪ್ಯೂಟರು ಬಂದಿಲ್ಲ ಎಂದಿತು. ಪ್ರಿನ್ಸಿಪಾಲರು ಕಂಪ್ಯೂಟರಿನ ಪಕ್ಷ ವಹಿಸಿದರು. ಸೋಮವಾರದೊಳಗೆ ದೋಷ ತೋರಿಸದಿದ್ದರೆ ಸೊನ್ನೆ ಹಾಕಿ ಅಂಕಪಟ್ಟಿ ಕಳಿಸುವುದು ಎಂದಾಯಿತು. ಸೊನ್ನೆಗಿಂತ ಹುಡುಗಿಗೆ ನೋವಾದದ್ದು ಅವಳ ತಾಯಿ ಏಕಾಂತಮ್ಮ ಫೋನಿನಲ್ಲಿ, "ನಿಜ ಹೇಳು, ಬರ್ದೇ ಇಲ್ವಾ?" ಎಂದು ಕೇಳಿದ್ದು. ನಮಗೆ ಅದನ್ನು ಹೇಳುವಾಗ ಅವಳು ಅಳಲಿಲ್ಲ, ಗೋಡೆ ನೋಡುತ್ತಿದ್ದಳು.

ಮಮತಾ ಮೂರು ದಿನ ಡ್ರೈವರಿನ ಸಾಲುಗಳನ್ನು ಓದಿದರು. ಊಟದ ಡಬ್ಬಿ ತೆರೆಯದೆ ವಾಪಸ್ಸು ಹೋಗುತ್ತಿತ್ತು. ಏನೂ ಸಿಗಲಿಲ್ಲ. ಭಾನುವಾರ ಅವರ ಅಪ್ಪನ ಕುರಿಗಳಿಗೆ ಲಸಿಕೆ. "ಬರ್ರಿ ಮೇಷ್ಟ್ರೇ, ಜನ ಸಾಲಲ್ಲ. ನಂಗೂ ಒಸಿ ತಲೆ ತಣ್ಣಗಾಗ್ಲಿ" ಎಂದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಅದು ನನ್ನ ಮೊದಲ ತಪ್ಪು.

ಕುರಿ ಕೂಡುವ ರೊಪ್ಪದೊಳಗೆ ಪಶು ಆಸ್ಪತ್ರೆಯ ಪರಮೇಶ್ ಸೂಜಿ ಹಿಡಿದು ನಿಂತಿದ್ದರು. ಒಮ್ಮೆಗೆ ಹತ್ತು ಕುರಿ ಒಳಗೆ ಬರಬೇಕು. ಹೊರಗೆ ಕರಿಸಿದ್ದಪ್ಪ ಹತ್ತತ್ತರ ಗುಂಪು ಮಾಡಿ ಅಟ್ಟುತ್ತಿದ್ದ. ಎಣಿಸಿ ಗೇಟು ಹಾಕುವ ಕೆಲಸ ನನ್ನದು. ಗುಂಪಿನ ಮೊದಲ ಕುರಿ ನುಗ್ಗಿದಾಗ ಕರಿಸಿದ್ದಪ್ಪ "ಲಾಭ!" ಎಂದು ಕೂಗಿದ. ಒಳ್ಳೆಯ ಮಾತು ಎಂದುಕೊಂಡು ನಾನು ತಲೆಯಾಡಿಸಿ, ಮುಂದಿನ ಕುರಿಯಿಂದ ಎಣಿಸಲು ಶುರುಮಾಡಿದೆ: ಒಂದು, ಎರಡು, ಮೂರು...

"ಇದೇನ್ರೀ, ಹನ್ನೊಂದ್ ಐತಲ್ಲ" ಎಂದು ಒಳಗಿನಿಂದ ಪರಮೇಶ್ ಕೂಗಿದರು.

"ನನ್ನ ಎರಡ್ನೇ ಗುಂಪಿನ ತಲೆಕುರಿ ಎತ್ಲಾಗ್ ಹೋತು?" ಎಂದು ಹೊರಗಿನಿಂದ ಕರಿಸಿದ್ದಪ್ಪ ಕೂಗಿದ. ವಿಷಯ ತಿಳಿದ ಮೇಲೆ ಸೊಂಟಕ್ಕೆ ಕೈಕೊಟ್ಟು ನನ್ನನ್ನೇ ನೋಡಿದ. "ಲಾಭ ಅಂದ್ರೆ ಕುರಿ ಅಲ್ವೇನ್ರಿ ಮೇಷ್ಟ್ರೇ? ಮಂತ್ರ ಅನ್ಕಂಡ್ರಾ? ಮೊದಲ್ನೇದಕ್ಕೆ ಒಂದು ಅನ್ನಲ್ಲ, ಲಾಭ ಅಂತೀವಿ!"

ಎಂ.ಎ. ಪಾಠದಲ್ಲಿ ಓದಿದ್ದೆ, ಧಾನ್ಯ ಅಳೆಯುವಾಗ ಮೊದಲ ಸೇರಿಗೆ ಲಾಭ ಎನ್ನುತ್ತಾರೆಂದು ಹುಡುಗರಿಗೆ ಹೇಳಿಯೂ ಇದ್ದೆ. ಗೇಟಿನಲ್ಲಿ ನಿಂತಾಗ ಅದೊಂದೂ ಕೆಲಸಕ್ಕೆ ಬರಲಿಲ್ಲ. ಪರಮೇಶ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮಮತಾ ಮಾತ್ರ ನಗಲಿಲ್ಲ. ರೊಪ್ಪದೊಳಗೆ ಸೂಜಿಗೆಂದು ಹಿಡಿದಿದ್ದ ಕುರಿಯನ್ನು ಬಿಟ್ಟು ನಿಂತರು. "ಅಪ್ಪಾ, ಮೇಷ್ಟ್ರು ಏನ್ ಮಾಡಿದ್ರು? ಇನ್ನೊಂದ್ಸಲ ಹೇಳು."

"ಇನ್ನೇನ್ ಹೇಳ್ಲಿ? ಮೊದಲ್ನೇದು ಲೆಕ್ಕಕ್ ಹಿಡೀಲಿಲ್ಲ, ಆಮೇಲೆ ಹತ್ತು ಬಿಟ್ರು. ಹಿಂದೆ ಬರ್ತಿದ್ದ ಗುಂಪಿನ ಕುರಿ ಸುಮ್ಸುಮ್ನೆ ಒಳಗ್ ಬಂತು."

ಅವರು ಕೈ ಕೂಡ ತೊಳೆಯದೆ ಬೇವಿನ ಮರದಡಿ ಕೂತು ಲ್ಯಾಪ್‌ಟಾಪ್ ತೆರೆದರು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದು ವಿವರಿಸಿದರು. ದೊಡ್ಡ ಪ್ಯಾಕೆಟ್ಟು ತುಂಡು ತುಂಡಾಗಿ ಬರುತ್ತದಂತೆ. ನಾವು ಒಟ್ಟು ಎಷ್ಟು ತುಂಡು ಎಂದು ಮೊದಲ ತುಂಡೇ ಹೇಳುತ್ತದೆ, ತನ್ನನ್ನೂ ಸೇರಿಸಿಕೊಂಡು. ಕಸವೆಂದು ಎಸೆಯುವಾಗ ಮೊದಲ ತುಂಡನ್ನು ಎಸೆದ ಮೇಲೆ ಉಳಿದವನ್ನಷ್ಟೇ ಎಸೆಯಬೇಕು. ಇಲ್ಲಿ ಮೊದಲನೆಯದನ್ನು ಎಸೆದು, ಅದನ್ನು ಲೆಕ್ಕಕ್ಕೆ ಹಿಡಿಯದೆ, ಮತ್ತೆ ಅಷ್ಟನ್ನೂ ಎಸೆಯುತ್ತಿತ್ತು. ಕಸದ ಹಿಂದೆಯೇ ಬಂದ ಅಂಜಲಿಯ ಉತ್ತರ ಹಾಗೆ ಕಸಕ್ಕೆ ಹೋಗಿತ್ತು. ಉತ್ತರ ಕಳಿಸುವ ವ್ಯವಸ್ಥೆಗೆ ತಲುಪಿತೇ ಎಂದು ತಿರುಗಿ ಕೇಳುವ ಅಭ್ಯಾಸವಿರಲಿಲ್ಲ.

"ಸಿಕ್ತಲ್ಲ, ಹಬ್ಬ ಮಾಡ್ರಿ!" ಎಂದೆ.

"ಮೇಷ್ಟ್ರೇ, ಎಸೆಯೋ ಆ ಸಾಲು ಬರ್ದೋಳು ನಾನೇ" ಎಂದರು. ಅವರ ಮುಖ ಇಷ್ಟು ಸಣ್ಣದಾದದ್ದನ್ನು ನಾನು ಹನ್ನೆರಡು ವರ್ಷದಲ್ಲಿ ನೋಡಿರಲಿಲ್ಲ. ಪಾಪ ಅನ್ನಿಸಿತು.

ಸೋಮವಾರ ಮಮತಾ ಪರೀಕ್ಷೆಯ ದಿನದಂತೆಯೇ ಮೊದಲು ಕಸ, ಹಿಂದೆಯೇ ಉತ್ತರ ಕಳಿಸಿ, ಉತ್ತರ ಮಾಯವಾಗುವುದನ್ನು ಪ್ರಿನ್ಸಿಪಾಲರಿಗೆ ತೋರಿಸಿದರು. ಸಾಲು ತಿದ್ದಿ ಮತ್ತೆ ಕಳಿಸಿದರೆ ಉತ್ತರ ನೆಟ್ಟಗೆ ಬಂದು ಕೂತಿತು. ಪ್ರಿನ್ಸಿಪಾಲರು ಒಪ್ಪಿದರು, ಹುಡುಗಿ ಮತ್ತೊಮ್ಮೆ ಬರೆಯಲಿ ಎಂದರು. ಬುದ್ಧಿವಾದವನ್ನೂ ಸೇರಿಸಿದರು. "ತಾಂತ್ರಿಕ ದೋಷ ಅಂತ ಒಂದು ನೋಟಿಸ್ ಹಾಕಿಬಿಡಿ ಮೇಡಂ. ನಿಮ್ಮ ಹೆಸರು ಯಾಕೆ?"

ಮಮತಾ ನೋಟಿಸ್ ಹಾಕಲಿಲ್ಲ. ನೇರ ತರಗತಿಗೆ ಹೋದರು. ಕುತೂಹಲ ತಡೆಯದೆ ನಾನೂ ಹಿಂದೆಯೇ ಹೋದೆ.

"ಅಂಜಲಿ ಬರ್ದಿದ್ದು ನಿಜ, ಕಳಿಸಿದ್ದೂ ನಿಜ. ಅದನ್ನ ಎಸೆದಿದ್ದು ನನ್ನ ಪ್ರೋಗ್ರಾಂ. ತಪ್ಪು ಕಂಪ್ಯೂಟರ್ದಲ್ಲ, ನಂದು" ಎಂದರು. ಒಂದು ಮಾತನ್ನೂ ನುಂಗಲಿಲ್ಲ.

ಅಂಜಲಿ ಎದ್ದು, "ಎರಡೇ ನಿಮಿಷ ಮೇಡಂ" ಎಂದು ಫೋನು ಹಿಡಿದು ಕಾರಿಡಾರಿಗೆ ಓಡಿದಳು. ಬಾಗಿಲ ಬಳಿ ನಿಂತಿದ್ದ ನನಗೆ ಅವಳ ಮಾತು ಕೇಳಿಸುತ್ತಿತ್ತು.

"ಅವ್ವಾ, ನಾನು ಬರ್ದಿದ್ದೆ. ಮೇಡಮ್ಮೇ ಹೇಳಿದ್ರು... ಹೂಂ, ಎಲ್ರ ಮುಂದೇನೇ... ಅಯ್ಯೋ, ನೀನ್ಯಾಕವ್ವ ಅಳ್ತೀಯ?"