ಫೋನಿನಲ್ಲಿ ಮ್ಯಾನೇಜರ್ ಆಗಿದ್ದವನು

2001ರ ಆಗಸ್ಟ್ 12, ಭಾನುವಾರ, ಬೆಳಿಗ್ಗೆ ಹತ್ತೂ ಇಪ್ಪತ್ತು. ತಿಪಟೂರಿನ ಕಲ್ಯಾಣಮಂಟಪವೊಂದರಲ್ಲಿ ಕೊಬ್ಬರಿ ಕಂಪನಿಗಳ ಮತ್ತು ಹೊರಗಿನ ಖರೀದಿದಾರರ ಪರಿಚಯ ಕೂಟ ಶುರುವಾಯಿತು. ಬಂದವರು ನಲವತ್ಮೂರು ಜನ. ಎದೆಗೆ ಸಿಕ್ಕಿಸುವ ಹೆಸರಿನ ಚೀಟಿಗಳನ್ನು ನಾನೇ ಬರೆದದ್ದರಿಂದ ಎಣಿಕೆ ತಪ್ಪಿಲ್ಲ. ನನಗೆ ಚೀಟಿ ಇರಲಿಲ್ಲ.

ಎರಡು ವರ್ಷದಿಂದ ನಾನು ಅಲ್ಲಿನ ಒಂದು ಕೊಬ್ಬರಿ ಕಂಪನಿಯಲ್ಲಿ ಗುಮಾಸ್ತನಾಗಿದ್ದೆ. ಅಬ್ಬಾ ಪೇಟೆಯಲ್ಲಿ ದರ್ಜಿ. ಮನೆಮಾತು ಉರ್ದು, ಹಾಗಾಗಿ ಹಿಂದಿ ನನಗೆ ಸಲೀಸು. ನಮ್ಮ ಮ್ಯಾನೇಜರಿಗೆ ಅದು ಬರುತ್ತಿರಲಿಲ್ಲ. ದೆಹಲಿ ಕಡೆಯಿಂದ ಫೋನ್ ಬಂದರೆ ರಿಸೀವರನ್ನು ನನ್ನ ಕೈಗೆ ತುರುಕಿ, "ನನ್ ಹೆಸ್ರೇ ಹೇಳು ಕಣಪ್ಪ. ಗುಮಾಸ್ತ ಅಂದ್ರೆ ಅವ್ರು ಬೆಲೆ ಕೊಡಾಕಿಲ್ಲ" ಅನ್ನುತ್ತಿದ್ದ. ಹೇಳುತ್ತಿದ್ದೆ. ದಿನಚರಿಯಲ್ಲಿ ಒಂದೊಂದು ಕರೆಗೂ ಒಂದೊಂದು ಗೀಟು ಎಳೆದಿದ್ದೇನೆ. ಇನ್ನೂರ ಹದಿನಾಲ್ಕು ಸಲ ನಾನು ಆತನಾಗಿದ್ದೆ.

ಮಾರ್ಚ್ 9ರಂದು ಆತ ಒಂದು ಮಾತು ಕೊಟ್ಟ. ತುರುವೇಕೆರೆಯಲ್ಲಿ ತೆರೆಯುವ ಹೊಸ ಖರೀದಿ ಕೇಂದ್ರ ನನ್ನ ಸುಪರ್ದಿಗೆ. ಕೂಟದ ದಿನ ಎಲ್ಲರೆದುರು ನನ್ನನ್ನು ಪರಿಚಯಿಸುವುದು. ಕೂಟದ ಹಿಂದಿನ ಸಂಜೆ ಐದೂವರೆಗೆ, ಆ ಕೆಲಸ ತನ್ನ ಹೆಂಡತಿಯ ತಮ್ಮನಿಗೆ ಹೋಯಿತೆಂದು ತಿಳಿಸಿದ. "ನೀನು ನಾಳೆ ಬಾಗ್ಲತ್ರ ನಿಂತ್ಕ. ಬಾಯಿ ಮಾತ್ರ ಬಿಡ್ಬೇಡ."

ಹನ್ನೊಂದೂ ಹತ್ತರವರೆಗೆ ಬಿಡಲಿಲ್ಲ.

ಆ ಹೊತ್ತಿಗೆ ದೆಹಲಿಯ ದೊಡ್ಡ ಖರೀದಿದಾರ, ವಯಸ್ಸಾದ ಸೇಠ್, ಮಾದರಿಗೆಂದು ಇಟ್ಟಿದ್ದ ಕಾಯಿಗಳಲ್ಲಿ ಒಂದನ್ನು ಎತ್ತಿ ಮ್ಯಾನೇಜರಿಗೆ ಕೊಟ್ಟರು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯಿಯಲ್ಲಿ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಂಡಿನ ಹಾಗೆ ಉರುಳುತ್ತದೆ. ತುಸು ನೀರು ಉಳಿದಿದ್ದರೂ ಸದ್ದು ಬರುತ್ತದೆ, ಆದರೆ ಆ ಸದ್ದೇ ಬೇರೆ. ಇದನ್ನು ಸೇಠ್‌ಗೆ ಫೋನಿನಲ್ಲಿ ಹೇಳಿಕೊಟ್ಟವನು ನಾನು. ಅವರು ಸಲುಗೆಯಿಂದ, ಕಿವಿಯತ್ತ ಸನ್ನೆ ಮಾಡಿ, ನೀವು ಕಲಿಸಿದ್ದೇ, ನೀವೇ ಕೇಳಿ ಹೇಳಿ ಎಂದರು. ಬೆಳಗಿನಿಂದ ಸೇಠ್ ಜೊತೆ ಬರೀ ನಗು, ನಮಸ್ಕಾರದಲ್ಲೇ ಸುಧಾರಿಸಿದ್ದ, ಒಂದು ದಿನವೂ ಅಟ್ಟ ಹತ್ತದ ಮ್ಯಾನೇಜರ್ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಆಗಿದೆ ಎಂದು ತಲೆಯಾಡಿಸಿದ.

ಬಾಗಿಲಿನಿಂದ ಮೇಜಿಗೆ ಒಂಬತ್ತು ಹೆಜ್ಜೆ. ನೀರಿನ ಸದ್ದು ನನಗೆ ಅಲ್ಲಿಗೇ ಕೇಳಿಸಿತ್ತು. ನಡೆದುಹೋಗಿ ಹಿಂದಿಯಲ್ಲಿ ಹೇಳಿದೆ: "ಸೇಠ್‌ಜೀ, ಇದರಲ್ಲಿ ಇನ್ನೂ ನೀರಿದೆ."

ಬಾಯಿತಪ್ಪಿ ಬಂದ ಮಾತಲ್ಲ. ಬೆಳಗಿನಿಂದ ಅಂಥದೊಂದು ಗಳಿಗೆಗೆ ಕಾದಿದ್ದೆ.

ಸೇಠ್ ಕಾಯಿಯನ್ನು ನೋಡಲಿಲ್ಲ, ನನ್ನನ್ನು ನೋಡಿದರು. ಈ ದನಿ ತನಗೆ ಗೊತ್ತು, ಫೋನಿನಲ್ಲಿ ಕೇಳಿದ್ದು ಇದನ್ನೇ ಎಂದರು. ಅದನ್ನು ಮ್ಯಾನೇಜರಿಗೆ ಕನ್ನಡದಲ್ಲಿ ಹೇಳಿದೆ. ಮ್ಯಾನೇಜರ್ ನಗಾಡಿ, "ಲೈನಲ್ಲಿ ಎಲ್ರ ಗಂಟ್ಲೂ ಒಂದೇ ಥರ ಕೇಳ್ಸುತ್ತೆ ಬುಡಿ" ಅಂದ. ಅದನ್ನು ಹಿಂದಿಗೆ ತಿರುಗಿಸಿ ಹೇಳುವುದೂ ನನ್ನ ಪಾಲಿಗೇ ಬಂತು. ಒಂದು ಅಕ್ಷರ ಬಿಡದೆ ಹೇಳಿದೆ. ಸುತ್ತಲಿದ್ದವರು ನಕ್ಕರು. ಯಾರೋ ಕಾಯಿ ಒಡೆದರು, ನೀರು ಮ್ಯಾನೇಜರನ ಇಸ್ತ್ರಿ ಅಂಗಿಗೆ ಚೆಲ್ಲಿತು. ಅಷ್ಟು ಖುಷಿ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ. ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಸೇಠ್ ತಮ್ಮ ಕಾರ್ಡನ್ನು ನನ್ನ ಜೇಬಿಗಿಟ್ಟರು. ಈ ಸೀಮೆಯಲ್ಲಿ ತಮ್ಮ ಪರವಾಗಿ ಖರೀದಿ ಮಾಡಲು ಒಬ್ಬ ಬೇಕೆಂದೂ, ಬುಧವಾರ ಹನ್ನೊಂದಕ್ಕೆ ಮಂಟಪದ ಪಕ್ಕದ ಎಸ್‌ಟಿಡಿ ಬೂತಿಗೆ ಫೋನ್ ಮಾಡುವುದಾಗಿಯೂ ಹೇಳಿದರು.

ಸೋಮವಾರ ನನ್ನ ಕೆಲಸ ಹೋಯಿತು. ಅದನ್ನು ಎಣಿಸಿಯೇ ಇದ್ದೆ. ಬುಧವಾರ ಒಂದು ಗಂಟೆಯವರೆಗೂ ಬೂತಿನ ಬೆಂಚಿನ ಮೇಲೆ ಕೂತೆ. ಫೋನ್ ಬರಲಿಲ್ಲ. ನಾನಾಗಿ ಏಳು ಸಲ ಮಾಡಿದೆ. ಏಳು ಸಲವೂ ಸೇಠ್ ಇಲ್ಲ ಎಂಬ ಉತ್ತರ. ಬಿಟ್ಟುಬಿಡು ಎಂದರು ಅಬ್ಬಾ. ಬಿಟ್ಟಿಲ್ಲ.

ಯಾಕೆಂದರೆ ಕೂಟದ ದಿನ ಮಧ್ಯಾಹ್ನದ ಊಟಕ್ಕೆ ಮ್ಯಾನೇಜರ್ ಒಬ್ಬ ದುಭಾಷಿಯನ್ನು ಹಿಡಿದುಕೊಂಡು ಸೇಠ್ ಪಕ್ಕದ ಎಲೆಗೆ ಹೋಗಿ ಕೂತಿದ್ದ. ಇಪ್ಪತ್ತೈದು ನಿಮಿಷ. ನಾನು ಎರಡು ವರ್ಷ ಫೋನಿನಲ್ಲಿ ಕಟ್ಟಿದ ನಂಬಿಕೆಯನ್ನು ಆತ ಒಂದು ಊಟದಲ್ಲಿ, ಮುಖಕ್ಕೆ ಮುಖ ಕೊಟ್ಟು, ಕಿತ್ತುಹಾಕಿದ. ನನ್ನ ಬಗ್ಗೆ ಏನು ಹೇಳಿದನೋ ನನಗೆ ಗೊತ್ತಿಲ್ಲ. ಆ ಪಂಕ್ತಿಯಲ್ಲಿ ಊಟಕ್ಕೆ ಕೂತವರು, ಬಡಿಸಿದವರು, ಆ ದುಭಾಷಿ, ಯಾರಾದರೂ ಇದನ್ನು ಓದಿದರೆ ಕೇಳಿಸಿಕೊಂಡ ಮಾತನ್ನು ಇದ್ದ ಹಾಗೇ ನನಗೆ ಬರೆಯಬೇಕು.